ಆಪರೇಷನ್ ಮುಂದೂಡಬೇಡಿ, ಅಪ್ಪ

ಬಾಸ್ಟನ್

ತೀರ್ಥರೂಪರಾದ ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ಶುಭಾಳ ಪತ್ರ ಬಂತು. ಕಣ್ಣಿನ ಪೊರೆ ಬಲಿತಿದೆ, ತಡ ಮಾಡಬೇಡಿ ಅಂತ ಡಾಕ್ಟರು ಹೇಳಿದರೂ ನೀವು ಆಪರೇಷನ್ ಮುಂದಿನ ವರ್ಷಕ್ಕೆ ಹಾಕಿದ್ದೀರಂತೆ. "ಸುಮಾಳ ಸಂಬಳ ಇಳಿದಿದೆ, ಈಗ ಅವಳಿಗೆ ಭಾರ ಬೇಡ" ಅಂದಿರಂತೆ. ಓದಿದಾಗಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ. ಸಂಬಳ ಇಳಿದದ್ದು ನಿಜ ಅಪ್ಪ. ಆದರೆ ಹಿಂದಿನ ಕೆಲಸ ಬಿಟ್ಟದ್ದು ನಾನೇ, ಯಾರೂ ತೆಗೆದುಹಾಕಿದ್ದಲ್ಲ. ಬಾಡಿಗೆ, ಸಾಲದ ಕಂತು ಎಲ್ಲ ಕಳೆದೂ ಕೈಯಲ್ಲಿ ಉಳಿಯುತ್ತದೆ. ನಿಮ್ಮ ಆಪರೇಷನ್ನಿನ ಹಣ ಬೇರೆಯೇ ಎತ್ತಿಟ್ಟಿದ್ದೇನೆ.

"ಅಷ್ಟು ಓದಿ ಸೈಟು ಮಾರೋ ಕೆಲಸಕ್ಕೆ ಸೇರಿದಳು" ಅಂತ ಚಿಕ್ಕಪ್ಪ ಅಂದರಂತಲ್ಲ, ಅದು ನಿಮ್ಮ ಮನಸ್ಸಿನಲ್ಲೂ ಕೂತಿರಬಹುದು. ಹಿಂದಿನ ಕಂಪನಿಯಲ್ಲಿ ನಾನು ಹಾಕುತ್ತಿದ್ದದ್ದು ಯಾವ ಜಾಗ ಕೊಂಡರೆ ಎಷ್ಟು ಲಾಭ ಅನ್ನುವ ಲೆಕ್ಕ. ಈಗಿನ ಸಂಸ್ಥೆ ಕಡಿಮೆ ದುಡಿಮೆಯವರಿಗೆ ಎಟುಕುವ ಮನೆ ಕಟ್ಟಿಸುತ್ತದೆ. ಈಗಲೂ ಅದೇ ನಕ್ಷೆ, ಅದೇ ಬ್ಯಾಂಕು, ಅದೇ ಲೆಕ್ಕ. ಆದರೆ ಆ ಮನೆಯಲ್ಲಿ ಯಾರು ಇರಬೇಕು, ಅವರ ದುಡಿಮೆಗೆ ಎಷ್ಟು ಬಾಡಿಗೆ ತಡೆದೀತು ಅನ್ನುವುದನ್ನು ಮೊದಲು ಬರೆದುಕೊಂಡು ಆಮೇಲೆ ಲೆಕ್ಕಕ್ಕೆ ಕೂರುತ್ತೇವೆ. ಆದಾಯದ ಶೇ. 30ಕ್ಕಿಂತ ಹೆಚ್ಚು ಮನೆಗೇ ಹೋದರೆ ಇಲ್ಲಿ ಅದನ್ನು ಹೊರೆ ಎಂದೇ ಎಣಿಸುತ್ತಾರೆ.

ಇದೇ ಊರಿನ ಡಡ್ಲಿ ಸ್ಟ್ರೀಟ್ ಸುತ್ತ 1980ರ ದಶಕದಲ್ಲಿ 1,300ರಷ್ಟು ಖಾಲಿ ನಿವೇಶನಗಳಿದ್ದವು. ಮನೆಗಳು ಬೆಂಕಿಗೆ ಹೋಗಿದ್ದವು, ಎಲ್ಲೆಲ್ಲಿಯದೋ ಕಸ ತಂದು ಸುರಿಯುತ್ತಿದ್ದರು. 1984ರಲ್ಲಿ ಅಲ್ಲಿನ ಜನರೇ ಸಂಘ ಕಟ್ಟಿದರು. 1988ರಲ್ಲಿ ನಗರಾಡಳಿತ ಆ ಖಾಲಿ ಜಾಗಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನೇ ಅವರಿಗೆ ಕೊಟ್ಟಿತು. ಭೂಸ್ವಾಧೀನ ಅಂದರೆ ಜನರ ಕೈಯಿಂದ ನೆಲ ಹೋಗುವುದನ್ನಷ್ಟೇ ನೋಡಿದವರು ನಾವು. ಇಲ್ಲಿ ಅದು ಜನರ ಕೈಗೇ ಬಂತು!

ಆ ನೆಲವನ್ನು ಅವರು ಟ್ರಸ್ಟಿನ ಹೆಸರಲ್ಲಿ ಇಟ್ಟರು. ಮನೆ ಕುಟುಂಬದ್ದು, ನೆಲ ಟ್ರಸ್ಟಿನದು. ಇಂಥ ಕಡೆ ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಮಾರುವವರಿಗೆ ಒಂದಿಷ್ಟು ಲಾಭ ಸಿಗುತ್ತದೆ, ಆದರೆ ಬೆಲೆ ಗುತ್ತಿಗೆಯಲ್ಲಿ ಬರೆದ ಸೂತ್ರ ಮೀರುವಂತಿಲ್ಲ. ಹಾಗಾಗಿ ಮುಂದೆ ಬರುವವರಿಗೂ ಎಟುಕುತ್ತದೆ. ಅಜ್ಜ ವಿನೋಬಾರ ಭೂದಾನದ ಕಥೆ ಹೇಳುತ್ತಿದ್ದರಲ್ಲ? 1969ರಲ್ಲಿ ಜಾರ್ಜಿಯಾದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದವರು ಇಂಥ ಮೊದಲ ಟ್ರಸ್ಟ್ ಕಟ್ಟುವಾಗ ಅವರ ಕಣ್ಣ ಮುಂದಿದ್ದ ಮಾದರಿಗಳಲ್ಲಿ ಭೂದಾನದಿಂದಲೇ ಬೆಳೆದ, ನೆಲವನ್ನು ಇಡೀ ಊರಿನ ಹೆಸರಿಗೆ ಬಿಡುವ ನಮ್ಮ ಗ್ರಾಮದಾನವೂ ಒಂದು. ಆಫೀಸಿನಲ್ಲಿ ಇದನ್ನು ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ.

ಇಲ್ಲಿಯ ಸಭೆಗಳನ್ನು ನೀವು ನೋಡಬೇಕು. ಸಂಜೆ ಕೆಲಸ ಮುಗಿಸಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೇ ಬರುತ್ತಾರೆ. ಒಂದು ಮರ ಉಳಿಯಬೇಕೇ, ಕಾರು ಎಲ್ಲಿ ನಿಲ್ಲಬೇಕು ಅಂತ ಗಂಟೆಗಟ್ಟಲೆ ವಾದ. ನಕ್ಷೆ ತಿದ್ದಿ ಮತ್ತೆ ಅವರ ಮುಂದಿಡಬೇಕು. ಕಳೆದ ಸಭೆಯಲ್ಲಿ ಒಬ್ಬ ಹೆಂಗಸು ಗುತ್ತಿಗೆ ಪತ್ರದ ಮೇಲೆ ಬೆರಳಿಟ್ಟು, "ನಾನು ಹೋದ ಮೇಲೆ ಇದು ಮಗಳಿಗೆ ಬರುತ್ತದೆಯೇ?" ಅಂತ ಕೇಳಿದರು. ಬರುತ್ತದೆ ಅಂದೆ. ಅವರು ಎರಡು ಸಲ ಓದಿಸಿಕೊಂಡರು. ಈ ಕೆಲಸ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ ಅಪ್ಪ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಬಗ್ಗೆ ಒಂದಿಷ್ಟೂ ಚಿಂತೆ ಬೇಡ. ಹೊತ್ತಿಗೆ ಊಟ, ನಿದ್ದೆ ಎಲ್ಲ ಸರಿಯಾಗಿದೆ, ಆರೋಗ್ಯವೂ ಚೆನ್ನಾಗಿದೆ. ಪೊರೆ ತೆಗೆಸಲು ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಶುಭಾಳ ಖಾತೆಗೆ ಹಣ ಹಾಕಿದ್ದೇನೆ, ವಾಪಸು ಕಳಿಸಿದರೆ ತಗೊಳ್ಳುವುದಿಲ್ಲ. ಆಪರೇಷನ್ ಆಗುವವರೆಗೆ ಸಂಜೆ ಮೇಲೆ ಸ್ಕೂಟರ್ ಮುಟ್ಟಬೇಡಿ. ಆಪರೇಷನ್ ತಾರೀಖು ಗೊತ್ತುಮಾಡಿ ಈ ವಾರವೇ ತಿಳಿಸಿ.

ಅಮ್ಮನಿಗೆ ಬೇರೆ ಪತ್ರ ಬರೆಯುತ್ತೇನೆ. ಸಭೆಗೆ ಹೊತ್ತಾಯಿತು, ಕರೆಯುತ್ತಿದ್ದಾರೆ.

ನಿಮ್ಮ ಮಗಳು,
ಸುಮಾ