ರಾಹುಕಾಲ ತಪ್ಪಾಗಿ ಅಚ್ಚಾದ ದಿನ

ದಾವಣಗೆರೆ
ಭಾನುವಾರ ಬೆಳಿಗ್ಗೆ

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನಿನಲ್ಲಿ ಸಿಡುಕಿದ್ದಕ್ಕೆ ಆಗಲೇ ಉತ್ತರ ಕೊಡಬಹುದಿತ್ತು. ಆದರೆ ನಿನ್ನ ಜೊತೆ ವಾದಕ್ಕೆ ಇಳಿದರೆ ನನಗೆ ಮಾತನಾಡುವ ಸರದಿಯೇ ಬರುವುದಿಲ್ಲ, ಹೈಸ್ಕೂಲಿನಿಂದಲೂ ಹಾಗೇ. ಅದಕ್ಕೇ ಈ ಕಾಗದ. ನಮ್ಮ ಹಳೆಯ ಗೆಳೆಯರೂ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನೀನು ಅಂದದ್ದು ಇಷ್ಟು: ಪತ್ರಿಕೆಗಳೆಲ್ಲ ಬಾಯಿಗೆ ಬೀಗ ಹಾಕಿಕೊಂಡಿವೆ. 2025ರ ಜಾಗತಿಕ ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕದಲ್ಲಿ 180 ದೇಶಗಳ ಪೈಕಿ ನಮ್ಮದು 151ನೆಯ ಸ್ಥಾನ. ದೊಡ್ಡವರ ಪಾಡೇ ಹೀಗಿರುವಾಗ ನಿಮ್ಮ ದಾವಣಗೆರೆಯ ನಾಲ್ಕು ಪುಟದ ಪತ್ರಿಕೆ ಯಾವ ಲೆಕ್ಕ? ‘ನಿಮ್ಮ ದಾವಣಗೆರೆ’ ಅಂದೆಯಲ್ಲ, ಅದು ಸ್ವಲ್ಪ ಚುಚ್ಚಿತು. ಪುಣೆ ಸೇರಿ ಮೂವತ್ತು ವರ್ಷವಾದರೂ ಊರಿಗೆ ಬಂದವನು ಬ್ಯಾಗು ಇಳಿಸುವ ಮೊದಲು ಹುಡುಕುವುದು ಬೆಣ್ಣೆ ದೋಸೆಯನ್ನೇ.

ಆ 151ರ ಬಗ್ಗೆ ನನ್ನ ತಕರಾರಿಲ್ಲ. ವರದಿಗಾರರ ಮೇಲೆ ಹಾಕುವ ಕೇಸುಗಳು, ಪತ್ರಿಕೆ, ಟೀವಿ ಎರಡೂ ಕೆಲವರ ಕೈಗೇ ಸೇರುತ್ತಿರುವುದು, ಎಲ್ಲವೂ ನಿಜ. ಆದರೆ ನಾನು ಕೂರುವ ಮೇಜಿನಿಂದ ಕಾಣುವುದು ಇನ್ನೊಂದು. ಅದನ್ನು ಹೇಳುತ್ತೇನೆ ಕೇಳು.

ನಿವೃತ್ತನಾದ ಮೇಲೆ ಸಂಜೆ ಆರರಿಂದ ರಾತ್ರಿ ಹತ್ತೂವರೆಯವರೆಗೆ ಇಲ್ಲಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಪ್ರೂಫ್ ನೋಡುತ್ತೇನೆ, ನಿನಗೆ ಗೊತ್ತಿದೆ. ಅಲ್ಲಿ ಇಪ್ಪತ್ತಾರು ವರ್ಷದ ಒಬ್ಬ ವರದಿಗಾರ ಹುಡುಗ ಇದ್ದಾನೆ. ಕಳೆದ ವರ್ಷ ಒಂದು ಸರ್ಕಾರಿ ಕಚೇರಿಗೆ (ಯಾವುದೆಂಬುದು ಇಲ್ಲಿ ಬೇಡ) ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕೆಂದು ನನ್ನ ಮುಂದೆ ಬಂದು ಕುಳಿತ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಅವನು ಬರೆದುಕೊಂಡು ಬಂದದ್ದು ಎರಡು ಪುಟ. ಮೂವತ್ತು ವರ್ಷ ಮಕ್ಕಳಿಗೆ ಸಂಧಿ, ಸಮಾಸ ಉರು ಹೊಡೆಸಿದ್ದು ಯಾರ ಉಪಯೋಗಕ್ಕೂ ಬರಲಿಲ್ಲವೆಂದು ಕೊರಗುತ್ತಿದ್ದೆನಲ್ಲ, ಅಂದು ಬಂತು. ‘ಕಾಲುವೆಯ ಹೂಳನ್ನು ಎತ್ತಿದ ಕೆಲಸದ ಬಿಲ್’ ಐದು ಪದ. ‘ಕಾಲುವೆ ಹೂಳೆತ್ತುವಿಕೆ ಬಿಲ್’ ಮೂರೇ. ಲೋಪಸಂಧಿಯಲ್ಲಿ ಒಂದಿಷ್ಟು, ತತ್ಪುರುಷದಲ್ಲಿ ಒಂದಿಷ್ಟು ಉಳಿಸಿ, ವಿಭಕ್ತಿಗಳನ್ನು ಕಳಚಿ, ಕೊನೆಗೆ 148ಕ್ಕೆ ತಂದು ನಿಲ್ಲಿಸಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದ. ಅರ್ಜಿದಾರನ ಜಾಗದಲ್ಲಿ ಪತ್ರಿಕೆಯ ಹೆಸರು ಹಾಕಲಿಲ್ಲ, ತನ್ನ ಹೆಸರು, ಮನೆ ವಿಳಾಸ ಅಷ್ಟೇ. ಆ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕನಿಗೆ. ಏಕೆ ಬೇಕು ಎಂದು ಕಾರಣವನ್ನೂ ಹೇಳಬೇಕಾಗಿಲ್ಲ.

ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಮೇಲ್ಮನವಿ ಹಾಕಿ ಕೈಗೆ ಬರುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಬಂದದ್ದು ಎಂ.ಬಿ. ಪುಸ್ತಕದ ನಕಲು. ಎಂಜಿನಿಯರು ಸ್ಥಳಕ್ಕೆ ಹೋಗಿ ಅಳೆದು ಬರೆಯಬೇಕಾದ ಅಳತೆ ಪುಸ್ತಕ ಅದು. ಒಂದೇ ಕಾಲುವೆಯ ಹೂಳನ್ನು ಒಂದೇ ವರ್ಷದಲ್ಲಿ ಎರಡು ಸಲ ಎತ್ತಿದ ಲೆಕ್ಕ. ಉದ್ದ, ಅಗಲ, ಆಳ ಎರಡೂ ಪುಟಗಳಲ್ಲಿ ಒಂದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೊದಲನೆಯದು ಬೇಸಿಗೆಯದು. ಎರಡನೆಯದು ಆಗಸ್ಟ್ ತಿಂಗಳದು, ಆ ಕಾಲುವೆಯಲ್ಲಿ ಸೊಂಟಮಟ್ಟ ನೀರು ಹರಿಯುವ ಕಾಲ!

ಆ ಕಾಲುವೆ ನಮ್ಮ ಮನೆಯಿಂದ ಮೂರು ಬೀದಿ ಆಚೆ. ದಿನಾ ಹಾಲು ತರಲು ಅದನ್ನು ದಾಟಿಯೇ ಹೋಗುತ್ತೇನೆ. ಹೂಳೆತ್ತುವ ಯಂತ್ರವನ್ನು ಒಂದು ಸಲವಾದರೂ ಕಂಡಿದ್ದೆನೇ ಎಂದು ಹುಡುಗ ಕೇಳಿದ. ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಬಂದ ಯಂತ್ರವಾದರೆ ಯಾರಾದರೂ ನೆನಪಿಟ್ಟುಕೊಂಡಾರು, ಬಾರದ ಯಂತ್ರವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ವರದಿ ಒಂದು ಗುರುವಾರ ಮುಖಪುಟದಲ್ಲಿ ಬಂತು, ಮೂರು ಕಾಲಂ, ಎಂ.ಬಿ. ಪುಟಗಳ ಚಿತ್ರದ ಸಮೇತ. ಹಿಂದಿನ ರಾತ್ರಿ ನಾನು ಅದನ್ನು ನಾಲ್ಕು ಸಲ ಓದಿದ್ದೆ. ಡಿಟಿಪಿಯವರು ಮೂರು ಕಡೆ ‘ಹೂಳು’ ಹೋಗಿ ‘ಹುಳು’ ಮಾಡಿದ್ದರು. ಕಾಲುವೆಯ ಹುಳು ತೆಗೆಯಲು ಲಕ್ಷಗಟ್ಟಲೆ ಖರ್ಚು! ತಿದ್ದಿ ಬೆನ್ನು ತಟ್ಟಿಕೊಂಡು ಮನೆಗೆ ಬಂದೆ.

ಬೆಳಿಗ್ಗೆ ಏಳಕ್ಕೇ ಕಚೇರಿಯ ಫೋನು ಶುರುವಾಯಿತಂತೆ. ಹುಡುಗ ಓಡಿಬಂದು ಕುಳಿತ. ಸಂಜೆ ನಾನು ಹೋಗುವವರೆಗೆ ಹದಿನಾಲ್ಕು ಕರೆ ಬಂದಿದ್ದವು, ಒಂದು ಹಾಳೆಯಲ್ಲಿ ಗೀಟು ಹಾಕಿಟ್ಟಿದ್ದ. ಎರಡು ಕರೆ ಶ್ರದ್ಧಾಂಜಲಿಯ ಫೋಟೊ ಕಪ್ಪಾಗಿ ಬಂದಿದೆ ಎಂದು. ಉಳಿದ ಹನ್ನೆರಡೂ ರಾಹುಕಾಲದ ಬಗ್ಗೆ! ಎರಡನೆಯ ಪುಟದ ಪಂಚಾಂಗದಲ್ಲಿ ಬುಧವಾರದ ರಾಹುಕಾಲವೇ ಗುರುವಾರಕ್ಕೂ ಉಳಿದುಬಿಟ್ಟಿತ್ತು. ಒಂದೂವರೆಯಿಂದ ಮೂರು ಎಂದು ಇರಬೇಕಾದಲ್ಲಿ ಹನ್ನೆರಡರಿಂದ ಒಂದೂವರೆ. ಸೈಟಿಗೆ ಮುಂಗಡ ಕೊಡಲು ಹೊರಟಿದ್ದ ಒಬ್ಬರು, ರಾಹುಕಾಲ ಕಳೆಯಲಿ ಎಂದು ನಮ್ಮ ಪತ್ರಿಕೆ ನೋಡಿಕೊಂಡು ಒಂದೂವರೆಯವರೆಗೆ ಕಾದು, ನಿಜವಾದ ರಾಹುಕಾಲದಲ್ಲೇ ಕೊಟ್ಟುಬಂದಿದ್ದರು. ಅವರ ಕರೆ ಹನ್ನೆರಡು ನಿಮಿಷ ನಡೆಯಿತು. ಅವರ ಮನೆಯೂ ಆ ಕಾಲುವೆಯ ದಂಡೆಯಲ್ಲೇ.

ಕಾಲುವೆಯ ಬಗ್ಗೆ ಒಂದೂ ಕರೆ ಇಲ್ಲ. ಗುತ್ತಿಗೆದಾರನೂ ಮಾಡಲಿಲ್ಲ, ಕಚೇರಿಯವರೂ ಮಾಡಲಿಲ್ಲ. ಬೆದರಿಕೆ ಬಂದೀತು ಎಂದು ಹುಡುಗ ಎರಡು ದಿನ ಬೈಕನ್ನು ಬೇರೆ ದಾರಿಯಲ್ಲಿ ಓಡಿಸಿದ, ಪಾಪ. ಅಷ್ಟು ಮರ್ಯಾದೆಯೂ ಸಿಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ಚೌಕಟ್ಟು ಕಟ್ಟಿ ವಿಷಾದ ಪ್ರಕಟಿಸಿದೆವು, ರಾಹುಕಾಲಕ್ಕೆ. ತಪ್ಪು ನನ್ನದೇ. ಹೂಳಿನ ಗುಂಗಿನಲ್ಲಿ ಪಂಚಾಂಗದ ಮೇಲೆ ಕಣ್ಣೇ ಹಾಯಿಸಿರಲಿಲ್ಲ.

ನೀನು ಈಗ ಏನು ಹೇಳುತ್ತೀ ಎಂದು ಗೊತ್ತು. ಹಿಂದಿನ ಜನ ಹೀಗಿರಲಿಲ್ಲ, ತುರ್ತುಪರಿಸ್ಥಿತಿಯಲ್ಲಿ ಎದ್ದು ನಿಂತರು, ಓಟಿನಲ್ಲಿ ಉತ್ತರ ಕೊಟ್ಟರು ಎಂದು. ಎಲ್ಲಿಯ ಜನ, ಗೆಳೆಯ? 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕೆಗಳಿಗೆ ಕರೆಂಟು ತೆಗೆದರು. ಇಂಡಿಯನ್ ಎಕ್ಸ್‌ಪ್ರೆಸ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು, ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಜೀವ ಸವೆಸಿದರು. 1977ರ ಮಾರ್ಚ್‌ನಲ್ಲಿ ಉತ್ತರದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು, ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತರು. ನಮ್ಮ ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್ಸಿಗೆ. ಮರುವರ್ಷ ಪಕ್ಕದ ಚಿಕ್ಕಮಗಳೂರಿನವರು ಇಂದಿರಾ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿಕೊಟ್ಟರು.

ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು. ನಾನು ಮಾವನ ಮನೆಯಲ್ಲಿದ್ದುಕೊಂಡು ನಿನ್ನ ಜೊತೆ ಓದುತ್ತಿದ್ದ ಕಾಲ. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಊರಲ್ಲಿ ನಮ್ಮಪ್ಪ ಏಳನೆಯ ನಂಬರಿನ ಫಾರಂ ಹಾಕಿ ಭೂ ನ್ಯಾಯ ಮಂಡಳಿಯ ಮುಂದೆ ನಿಂತಿದ್ದ. ದೇವರಾಜ ಅರಸರ 1974ರ ಕಾನೂನು, ಉಳುವವನಿಗೇ ಭೂಮಿ. ಅಜ್ಜನ ಕಾಲದಿಂದ ಗೇಣಿ ಅಳೆಯುತ್ತಿದ್ದ ಎರಡು ಎಕರೆ ಅಪ್ಪನ ಹೆಸರಿಗೆ ಬಂತು. ಪಹಣಿಯಲ್ಲಿ ತನ್ನ ಹೆಸರು ಕಂಡವನಿಗೆ ದೆಹಲಿಯ ಪತ್ರಿಕೆಯಲ್ಲಿ ಸಂಪಾದಕೀಯ ಖಾಲಿ ಬಿಟ್ಟದ್ದು ಏನು ಕಂಡೀತು? ಓದಲು ಬಾರದ ಅಪ್ಪನಿಗೆ ಪತ್ರಿಕೆಯ ಎಲ್ಲ ಪುಟವೂ ಖಾಲಿಯೇ.

ಅದೇ ಹೊತ್ತಿಗೆ ನಿಮ್ಮಪ್ಪ ಗಿರಣಿಯಲ್ಲಿದ್ದರು. ತುರ್ತುಪರಿಸ್ಥಿತಿ ಬಂದ ವರ್ಷ ಕನಿಷ್ಠ ಬೋನಸ್ಸನ್ನು ಶೇಕಡಾ 8.33ರಿಂದ 4ಕ್ಕೆ ಇಳಿಸಿದರು, ನೆನಪಿದೆಯೇ? ನಿಮ್ಮ ಮನೆಯಲ್ಲಿ ದೀಪಾವಳಿಗೆ ಹೊಸ ಬಟ್ಟೆ ಬರಲಿಲ್ಲ. ಗಿರಣಿಯವರು ಏನಂದರು, ಯಾರು ವಿರೋಧಿಸಿದರು ಎಂದು ನಿಮ್ಮಪ್ಪ ಚಹಾದಂಗಡಿಯ ಪತ್ರಿಕೆಯನ್ನು ಹಿಂದೆ ಮುಂದೆ ತಿರುವಿ ನೋಡಿ, ಏನೂ ಸಿಗದೆ, ಮಡಚಿ ಮಂಡಕ್ಕಿಯ ಪೊಟ್ಟಣಕ್ಕೆ ಕೊಟ್ಟರು. ಅವರು ಯಾರಿಗೆ ಓಟು ಹಾಕಿದರೋ, ನಮ್ಮಪ್ಪ ಮಾತ್ರ ಕಾಂಗ್ರೆಸ್ಸಿನ ಅಂದಿನ ಗುರುತಾದ ಹಸುವಿಗೇ ಹಾಕಿದ್ದು, ಕರುವಿನ ಸಮೇತ. ಅಪ್ಪನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವನ ಮೌನಕ್ಕೆ ಎರಡು ಎಕರೆಯ ಕಾರಣವಿತ್ತು. ನನಗೂ ಆ ಸೈಟಿನ ಮನುಷ್ಯನಿಗೂ ಏನು ಕಾರಣ, ಹೇಳು.

ಸಂವಿಧಾನದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ ಎಂಬ ಮಾತೇ ಇಲ್ಲ ಎಂದು ನೀನು ಒಮ್ಮೆ ಹೌಹಾರಿದ್ದೆ. ನಿಜ, ಇಲ್ಲ. 1948ರ ಡಿಸೆಂಬರಿನಲ್ಲಿ ಅದನ್ನು ಸೇರಿಸಿ ಎಂಬ ಒತ್ತಾಯ ಬಂದಾಗ ಅಂಬೇಡ್ಕರ್ ಬೇಡವೆಂದರು. ಪ್ರಜೆಗೆ ಇಲ್ಲದ ವಿಶೇಷ ಹಕ್ಕು ಪತ್ರಿಕೆಗೆ ಇಲ್ಲ, ಸಂಪಾದಕನೂ ಬರೆಯುವಾಗ ಚಲಾಯಿಸುವುದು ತನ್ನ ಮಾತಿನ ಹಕ್ಕನ್ನೇ, ಎಂಬುದು ಅವರ ವಾದ. ಹಾಗಾಗಿ 19(1)(ಎ) ವಿಧಿಯಲ್ಲಿ ಇರುವುದು ಎಲ್ಲರ ವಾಕ್ ಸ್ವಾತಂತ್ರ್ಯ. ಗಣರಾಜ್ಯಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ, 1951ರಲ್ಲಿ, ಮೊದಲ ತಿದ್ದುಪಡಿ ತಂದು ಅದಕ್ಕೆ ಹೊಸ ಬೇಲಿಗಳನ್ನು ಕಟ್ಟಿದ್ದೂ ಹೌದು. ಆದರೆ ನಮ್ಮ ಹುಡುಗನ ಅರ್ಜಿಯನ್ನು ನೋಡಿದ ಮೇಲೆ ನನಗೆ ಅಂಬೇಡ್ಕರ್ ಮಾತು ಬೇರೆ ಥರ ಕೇಳಿಸತೊಡಗಿದೆ. ಹುಡುಗ ಕೇಳಿದ್ದು ವರದಿಗಾರನಾಗಿ ಅಲ್ಲ. ಆ ಬೀದಿಯ ಯಾರು ಬೇಕಾದರೂ ಹತ್ತು ರೂಪಾಯಿಯಲ್ಲಿ ಕೇಳಬಹುದಿತ್ತು. ಬೇಲಿಯ ಒಳಗೇ ಎಕರೆಗಟ್ಟಲೆ ಬೀಳು ಬಿದ್ದಿದೆ.

1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳಿಗೆ ಮೂಗುದಾರ ಹಾಕುವ ಶಾಸನ ತಂದಾಗ ತಾತಯ್ಯ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅಂಥ ಸಂಪಾದಕರು ಈಗೆಲ್ಲಿ ಎನ್ನುತ್ತೀ. ಇಂದು ನಮ್ಮ ಪತ್ರಿಕೆ ನಿಂತರೆ ಈ ಊರಿಗೆ ಆಗುವ ನಷ್ಟವೇನು? ರಾಹುಕಾಲಕ್ಕೆ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ.

ನಮ್ಮ ಮಾಲೀಕರ ಕಷ್ಟವನ್ನೂ ಹೇಳಬೇಕು. ಒಂದು ಬೆಣ್ಣೆ ದೋಸೆಯ ದುಡ್ಡಿಗೆ ಹತ್ತು ದಿನದ ಪತ್ರಿಕೆ ಬರುತ್ತದೆ, ಆದರೂ ಚಂದಾ ವಸೂಲಿಗೆ ಹೋದ ಹುಡುಗನನ್ನು ‘ಮುಂದಿನ ತಿಂಗಳು ಬಾ’ ಎಂದು ಕಳಿಸುವವರೇ ಹೆಚ್ಚು. ಹಾಗಾಗಿ ಪತ್ರಿಕೆ ಬದುಕಿರುವುದು ಟೆಂಡರ್ ಪ್ರಕಟಣೆ, ಶ್ರದ್ಧಾಂಜಲಿ ಮತ್ತು ನಾಯಕರ ಹುಟ್ಟುಹಬ್ಬಗಳ ಮೇಲೆ. ಹೂಳಿನ ವರದಿಯ ನಂತರ ಒಂದು ಅರ್ಧಪುಟದ ಶುಭಾಶಯ ನಮಗೆ ಬರಲಿಲ್ಲ, ಬೇರೆಯವರಿಗೆ ಹೋಯಿತು. ಯಾರೂ ಏನೂ ಹೇಳಲಿಲ್ಲ. ಮಾಲೀಕರೂ ಹುಡುಗನಿಗೆ ಏನೂ ಹೇಳಲಿಲ್ಲ. ಆದರೆ ಅವನ ಮುಂದಿನ ವರದಿ ಮೂರನೆಯ ಪುಟಕ್ಕೆ ಹೋಯಿತು.

ಹುಡುಗ ಈಗ ಎರಡನೆಯ ಅರ್ಜಿ ಬರೆಯುತ್ತಿದ್ದಾನೆ, ಹೂಳು ತುಂಬಿದ ಟ್ರಾಕ್ಟರುಗಳು ಎಲ್ಲಿಗೆ ಹೋದವು ಎಂದು. ಕರಡು 163 ಪದದಲ್ಲಿ ನಿಂತಿದೆ, ಇವತ್ತು ಸಂಜೆ ಕೂರುತ್ತೇವೆ. ಈ ಸಲ ಅರ್ಜಿದಾರನ ಜಾಗದಲ್ಲಿ ನನ್ನ ಹೆಸರು ಹಾಕಲು ಹೇಳಿದ್ದೇನೆ. ಹೇಳಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ಸುಳ್ಳೇಕೆ ಹೇಳಲಿ.

ನೀನು ಒಂದು ವರ್ಷದ ಚಂದಾ ಕಳಿಸು. ಪುಣೆಯ ವಿಳಾಸ ನನ್ನ ಹತ್ತಿರ ಇದೆ, ಪಿನ್ ಕೋಡ್ ಮಾತ್ರ ಇಲ್ಲ. ಅಂಚೆಯಲ್ಲಿ ನಿನಗೆ ಮೂರು ದಿನ ತಡವಾಗಿ ತಲುಪುತ್ತದೆ. ಅಷ್ಟು ಹೊತ್ತಿಗೆ ರಾಹುಕಾಲ ಕಳೆದಿರುತ್ತದೆ, ಉಳಿದದ್ದನ್ನು ಓದು.

ಮನೆಯವರಿಗೆಲ್ಲ ನಮಸ್ಕಾರ.

ನಿನ್ನ,
ಅದೇ ಹಿಂದಿನ ಬೆಂಚಿನವನು