ಹ್ಯಾಂಡಲ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ ಅಂದೆಯಲ್ಲ

ಸಕಲೇಶಪುರ
ಜನವರಿ, ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಿಮ್ಮತ್ತೆ ಎರಡು ಸಲ ಓದಿಸಿಕೊಂಡಳು. ಇಲ್ಲಿನ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯೋದಿಲ್ಲ. ರೋಬಸ್ಟಾ ಕೊಯ್ಲು ನಡೀತಿದೆ. ಕಣದ ತುಂಬ ಹಣ್ಣು ಹರಡಿದೆ, ಮೋಡ ಕಂಡರೆ ಟಾರ್ಪಾಲು ಹೊದಿಸೋಕೆ ಓಡಬೇಕು. ಅಷ್ಟೇ.

ಕಾಗದ ತೆಗೆದುಕೊಂಡು ಕೂತಿದ್ದು ನಿನ್ನ ಪತ್ರದ ಮೂರನೇ ಪುಟದ ಒಂದು ಸಾಲಿಗಾಗಿ. ಅಮೆರಿಕದ ನಿನ್ನ ಡುಲೂತ್ ಊರಿನ ಚಳಿ, ಆಫೀಸು, ಹೊಸ ಬಾಡಿಗೆ ಮನೆ ಎಲ್ಲ ಬರೆದು ಮಧ್ಯದಲ್ಲಿ ನಿನ್ನ ಸ್ನೋಮೊಬೈಲಿನ, ಅಂದರೆ ಹಿಮದ ಮೇಲೆ ಓಡಿಸೋ ಗಾಡಿಯ, ಬಗ್ಗೆ ಹೀಗಂದಿದ್ದೀಯ: ‘ಎಡಕ್ಕೆ ತಿರುವಿತ್ತು ಮಾವ, ಹ್ಯಾಂಡಲ್ ಪೂರ್ತಿ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ನೆಟ್ಟಗೆ ಹೋಗಿ ಹಿಮದ ದಿಬ್ಬಕ್ಕೆ ಸಿಕ್ಕಿಕೊಂಡಿತು. ಏನೂ ಆಗಲಿಲ್ಲ. ಓಡಿಸ್ತಾ ಓಡಿಸ್ತಾ ಅಭ್ಯಾಸ ಆಗುತ್ತೆ ಅಂದರು ಜೊತೆಯವರು.’ ಅಲ್ಲಿಂದ ನೀನು ಸೀದಾ ಕ್ರಿಸ್‌ಮಸ್ ಊಟಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಆ ಸಾಲು ದಾಟಿ ಮುಂದೆ ಹೋಗೋಕೆ ಆಗಲಿಲ್ಲ ಕಣವ್ವ.

ಎಡ ತಿರುವಾಗಿದ್ದಕ್ಕೆ ನಿನಗೆ ದಿಬ್ಬ ಸಿಕ್ಕಿತು. ನಿಮ್ಮಲ್ಲಿ ದಾರಿಯ ಬಲಗಡೆಯಲ್ಲಿ ಹೋಗಬೇಕು ತಾನೆ? ಅದೇ ಬಲ ತಿರುವಾಗಿದ್ದರೆ? ಗಾಡಿ ನೆಟ್ಟಗೆ ಹೋದರೆ ಸೇರೋದು ಎದುರಿಂದ ಬರುವವರ ಪಾಲಿನ ದಾರಿಗೆ. ನಿನ್ನ ಗಾಡಿ ಇನ್ನೂರು ಕಿಲೋಗಿಂತ ಹೆಚ್ಚು ತೂಗುತ್ತೆ, ಎದುರಿನದೂ ಅಷ್ಟೇ. ನಿಮ್ಮ ಮಿನ್ನೆಸೋಟ ರಾಜ್ಯದ ಕಾನೂನೇ ಗಂಟೆಗೆ 50 ಮೈಲಿವರೆಗೆ ಬಿಡುತ್ತೆ, ಅಂದರೆ ನಮ್ಮ 80 ಕಿಲೋಮೀಟರು. ಇದನ್ನು ಬರೆದು ನಿನ್ನನ್ನು ಹೆದರಿಸಬೇಕು ಅಂತಲ್ಲ. ಮೂರು ದಿನದಿಂದ ನನ್ನ ತಲೆಯಲ್ಲಿ ಇದೇ ಓಡ್ತಿದೆ, ಇನ್ಯಾರ ಹತ್ತಿರ ಹೇಳಲಿ?

ದೊಡ್ಡಮಾವನ ಜೀಪಿನ ವಿಷಯ ನಿನಗೆ ಗೊತ್ತು. ಹಾನುಬಾಳಿನ ಕಡೆ ಇಳಿಜಾರು, ಆಷಾಢದ ಮಳೆ, ಆಮೇಲೆ ಅವರ ಕಾಲು. ಅದನ್ನು ಮತ್ತೆ ಹೇಳಲ್ಲ. ಗೊತ್ತಿಲ್ಲದ್ದು ಒಂದಿದೆ. ಅಣ್ಣ ನಿದ್ದೆಗಣ್ಣಲ್ಲಿದ್ದರು, ತಿರುವು ನೋಡಲೇ ಇಲ್ಲ ಅಂತ ಊರವರೆಲ್ಲ ಅಂದರು. ಮನೆಯಲ್ಲೂ ಹಾಗೇ ಉಳಿದುಕೊಂಡಿತು. ನಾನು ಪಕ್ಕದ ಸೀಟಿನಲ್ಲಿದ್ದೆ ಪುಟ್ಟಿ. ಅಣ್ಣ ಸ್ಟೇರಿಂಗ್ ತಿರುಗಿಸಿದ್ದರು. ಕೊನೇತನಕ ತಿರುಗಿಸಿದ್ದರು. ಬಾಗಿಲಿಲ್ಲದ ಜೀಪು, ಬಗ್ಗಿ ನೋಡಿದರೆ ಮುಂದಿನ ಚಕ್ರ ಅಡ್ಡಲಾಗಿ ನಿಂತಿದೆ, ಅದರ ಮುಂದೆ ಕೆಂಪು ಕೆಸರು ದೋಸೆ ಹಿಟ್ಟಿನ ಹಾಗೆ ಒತ್ತಿಕೊಂಡು ಬರ್ತಿದೆ, ಜೀಪು ಮಾತ್ರ ನೆಟ್ಟಗೆ ಜಾರುತ್ತಿದೆ. ಹಿಂದಿನ ಎರಡೂ ಚಕ್ರಕ್ಕೆ ಚೈನ್ ಕಟ್ಟಿತ್ತು. ಮುಂದಿನ ಟೈರು ಸವೆದು ನುಣ್ಣಗಾಗಿತ್ತು. ಹಿಂದಿನದು ನೆಲ ಕಚ್ಚಿ ತಳ್ಳುತ್ತೆ, ಮುಂದಿನದಕ್ಕೆ ಕಚ್ಚೋಕೆ ಏನೂ ಇಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅಣ್ಣ ಮೊದಲು ಆಡಿದ ಮಾತೇ, ‘ತಿರುಗಿಸಿದ್ದೆ ಕಣೋ, ತಿರುಗಲಿಲ್ಲ.’

ನೀನು ಬರೆದಿದ್ದೂ ಅದೇ ಮಾತು. ಅದಕ್ಕೇ ಕೂತಿದ್ದು.

ಹೋದ ಸಲ ನಾವು ಬಂದಾಗ ಗ್ಯಾರೇಜಿನಲ್ಲಿ ನೀನು ಗಾಡಿಯ ಮೂತಿ ಎತ್ತಿ, ಮುಂದುಗಡೆ ಚಕ್ರದ ಬದಲು ಇರುವ ಸ್ಕೀ ಹಲಗೆಗಳ ಅಡಿ ತೋರಿಸಿದ್ದೆ, ನೆನಪಿದೆಯಾ? ಪ್ಲಾಸ್ಟಿಕ್ ಸ್ಕೀ, ನಡುವೆ ಕೆಳಕ್ಕೆ ಚಾಚಿದ ಏಣು, ಏಣಿನ ಅಡಿಗೆ ನಟ್ಟು ಬಿಗಿದ ಉಕ್ಕಿನ ಸರಳು (ರನ್ನರ್ ಅನ್ನೋದು ಇದನ್ನೇ), ಸರಳಿನ ಮಧ್ಯದಲ್ಲಿ ಬೆಸೆದ ಕಾರ್ಬೈಡ್ ಅಂಚು. ಬೋರ್‌ವೆಲ್ ಲಾರಿಯವರ ಬಿಟ್ಟಿನ ತುದಿಯಲ್ಲಿ ಗುಂಡಿಗಳಿರುತ್ತವಲ್ಲ, ಅದೇ ಟಂಗ್‌ಸ್ಟನ್ ಕಾರ್ಬೈಡು. ಬಂಡೆ ಕೊರೆಯುವಷ್ಟು ಗಟ್ಟಿ, ಆದರೆ ಪೆಟ್ಟು ಬಿದ್ದರೆ ಚೂರು ಹಾರಿಹೋಗುತ್ತೆ. ಗಟ್ಟಿ ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ ಅಷ್ಟು ದೊಡ್ಡ ಗಾಡಿ ತಿರುಗೋದು ಆ ಗೇಣುದ್ದದ ಅಂಚಿನ ಬಲದಿಂದಲೇ. ಅದು ಸವೆದರೆ ಹ್ಯಾಂಡಲ್ ತಿರುಗಿಸಿ ಏನು ಮಾಡ್ತೀಯ?

ಮೊದಲು ಅದನ್ನು ನೋಡು. ಎರಡೂ ಸ್ಕೀ ಮಗುಚಿ, ಬಟ್ಟೆಯಲ್ಲಿ ಒರೆಸಿ, ಅಂಚಿನ ಮೇಲೆ ಬೆರಳು ಆಡಿಸು. ಚೂಪಾಗಿ ತಾಕಬೇಕು. ಗುಂಡಗಾಗಿದ್ದರೆ, ಅಲ್ಲಲ್ಲಿ ಚೂರು ಹಾರಿದ್ದರೆ, ಇಲ್ಲವೇ ಕಾರ್ಬೈಡು ಹೋಗಿ ಬರೀ ಉಕ್ಕು ಕಾಣ್ತಿದ್ದರೆ, ಅವತ್ತೇ ಬದಲಾಯಿಸು. ಒಂದೇ ಕಡೆ ಹಾಳಾಗಿದ್ದರೂ ಎರಡೂ ಕಡೆ ಹೊಸದು ಹಾಕಿಸು. ದಾರಿ ಟಾರು ರಸ್ತೆ ದಾಟುವ ಕಡೆ, ರೈಲು ಹಳಿ ದಾಟುವ ಕಡೆ ನಿಧಾನಕ್ಕೆ ದಾಟು, ಅದು ಸವೆಯೋದು ಅಲ್ಲೇ. ನಿನಗೆ ಗೊತ್ತಿರೋದನ್ನೇ ಹೇಳ್ತಿದ್ದೀನೇನೋ.

ಇನ್ನೊಂದು. ಮೊದಲಿನ ಯಜಮಾನ ಟ್ರ್ಯಾಕಿಗೆ, ಅಂದರೆ ಹಿಂದುಗಡೆ ಸುತ್ತುತ್ತಾ ಗಾಡಿ ತಳ್ಳುವ ರಬ್ಬರ್ ಪಟ್ಟಿಗೆ, ಸ್ಟಡ್ ಅನ್ನೋ ಮೊಳೆಗಳನ್ನು ಹೊಡೆಸಿದ್ದಾನೆ, ಸುಮಾರು ನೂರಿದೆ ಅಂತ ಬರೆದಿದ್ದೀಯ. ಗಾಡಿ ಮಂಜುಗಡ್ಡೆಯ ಮೇಲೂ ಜಾರದೆ ಹೊರಡುತ್ತೆ ಅಂತ ಖುಷಿಪಟ್ಟಿದ್ದೀಯ. ಪುಟ್ಟಿ, ಅದೇ ನಮ್ಮ ಜೀಪಿನ ಚೈನು. ಹಿಂದೆ ಅಷ್ಟು ಹಿಡಿತವಿದ್ದರೆ ಮುಂದೆಯೂ ಅದಕ್ಕೆ ತಕ್ಕ ಕಾರ್ಬೈಡು ಇರಲೇಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಟ್ರ್ಯಾಕು ತಳ್ಳುತ್ತೆ, ಸ್ಕೀ ಅಡ್ಡ ಜಾರುತ್ತೆ. ಅವತ್ತು ಆಗಿರೋದು ಇದೇ ಅಂತ ನನ್ನ ಮನಸ್ಸು ಹೇಳ್ತಿದೆ. ಸ್ಟಡ್ ಇಲ್ಲದ ಗಾಡಿಗೆ ನಾಲ್ಕಿಂಚಿನ ಕಾರ್ಬೈಡು ಸಾಕಾಗಬಹುದು. ನಿನ್ನದಕ್ಕೆ ಆರಿಂಚಾದರೂ ಬೇಕು ಅನ್ನಿಸುತ್ತೆ. ಎಂಟು, ಹತ್ತು ಇಂಚಿನವೂ ಸಿಗುತ್ತವೆ, ಆದರೆ ಹೆದರಿಕೆಯಲ್ಲಿ ಎಲ್ಲಕ್ಕಿಂತ ಉದ್ದದ್ದು ತರಬೇಡ. ಉದ್ದವಾದಷ್ಟೂ ಹ್ಯಾಂಡಲ್ ಭಾರವಾಗುತ್ತೆ. ಮಧ್ಯಾಹ್ನದ ಹೊತ್ತಿಗೆ ನಿನ್ನ ಭುಜ ಸೋತರೆ ಅದೂ ಅಪಾಯವೇ. ಅಂಚು 60 ಡಿಗ್ರಿಯದಾದರೆ ಹೆಚ್ಚು ಚೂಪು, 90 ಡಿಗ್ರಿಯದು ಹೆಚ್ಚು ಬಾಳಿಕೆ. ಅಂಗಡಿಯವನಿಗೆ ಸ್ಟಡ್ ಎಷ್ಟಿದೆ ಅಂತ ಎಣಿಸಿ ಹೇಳು, ಅವನು ಸರಿಯಾದ್ದು ಕೊಡ್ತಾನೆ.

ಅಣ್ಣ ಆಮೇಲೆ ಗಾಡಿ ಮುಟ್ಟಲಿಲ್ಲ. ಕಾಲು ಸ್ವಲ್ಪ ಎಳೆಯುತ್ತಿದ್ದರೂ ಓಡಿಸಬಹುದಿತ್ತು, ಡಾಕ್ಟರು ಬೇಡ ಅಂದಿರಲಿಲ್ಲ. ತಪ್ಪು ತನ್ನದೇ ಅಂತ ಅವರೂ ನಂಬಿಬಿಟ್ಟರು. ಹತ್ತು ಜನ ಹತ್ತು ಸಲ ಹೇಳಿದರೆ ಮನುಷ್ಯ ತನ್ನ ಕೈಯನ್ನೇ ಅನುಮಾನಿಸ್ತಾನೆ. ಆ ಜೀಪು ಮಾರುವಾಗ ಮುಂದಿನ ಟೈರು ಬಿಚ್ಚಿ ಅಂಗಳದಲ್ಲಿ ಇಟ್ಟಿದ್ದರೆ, ನೋಡ್ರಪ್ಪ ಇದನ್ನ ಅಂತ ಬಂದವರಿಗೆಲ್ಲ ತೋರಿಸಿದ್ದರೆ ಅಂತ ಈಗಲೂ ಅಂದುಕೊಳ್ತೀನಿ. ನಿಮ್ಮಮ್ಮನಿಗೆ ಆಗ ಹದಿನೆಂಟು, ಡ್ರೈವಿಂಗ್ ಕಲಿಯೋ ಆಸೆಯಿತ್ತು. ಬೇಡ ಅಂತ ಯಾರೂ ಅನ್ನಲಿಲ್ಲ. ಬಾ ಕಲಿಸ್ತೀನಿ ಅಂತಲೂ ಯಾರೂ ಅನ್ನಲಿಲ್ಲ. ಇವತ್ತಿಗೂ ಹಾಸನಕ್ಕೆ ಹೋಗಬೇಕಾದರೆ ಅವಳು ಇನ್ನೊಬ್ಬರ ಬಿಡುವಿಗೆ ಕಾಯ್ತಾಳೆ.

ಹಾಗಾಗಿ ನಿನಗೆ ಓಡಿಸಬೇಡ ಅಂತ ನಾನು ಬರೆಯಲ್ಲ. ಆ ಮಾತು ಪೆನ್ನಿನ ತುದಿಗೆ ಬಂದಿತ್ತು, ಸುಳ್ಳು ಹೇಳಲ್ಲ. ಆದರೆ ‘ಅಭ್ಯಾಸ ಆಗುತ್ತೆ’ ಅನ್ನೋ ಮಾತಿಗೆ ಮಾತ್ರ ಕಿವಿ ಕೊಡಬೇಡ. ತಿರುಗದ ಗಾಡಿಗೆ ಯಾಕೆ ಅಭ್ಯಾಸ ಆಗಬೇಕು? ಗಾಡಿ ನಿನ್ನ ಕೈ ಮಾತು ಕೇಳಬೇಕು.

ನಿನ್ನ ಗೆಳತಿ ಎರಡು ಏಣಿನ ಸ್ಕೀ ಹಾಕಿಸು ಅಂದಳಂತೆ. ಅದು ಬೇರೆ ಕಾಯಿಲೆಯ ಔಷಧಿ ಅನ್ನಿಸುತ್ತೆ ನನಗೆ. ಮುಂಚೆ ಹೋದ ಗಾಡಿಗಳು ಕೊರೆದ ಗೀರಿನೊಳಗೆ ಸ್ಕೀ ಸಿಕ್ಕಿ ಅದು ಎಳೆದ ಕಡೆಗೆಲ್ಲ ಮೂತಿ ಎಗರುತ್ತಲ್ಲ, ಅದಕ್ಕೆ ಎರಡು ಏಣು, ಜೋಡಿ ರನ್ನರ್ ಒಳ್ಳೆಯದು. ಒಂದೇ ಗೀರಿಗೆ ಕಟ್ಟುಬೀಳದೆ ತನ್ನದೇ ಜಾಡು ಮಾಡಿಕೊಂಡು ಹೋಗುತ್ತೆ. ತಿರುವಿನಲ್ಲಿ ನೆಟ್ಟಗೆ ಜಾರೋದು ಅದಕ್ಕೆ ತಿರುಗುಮುರುಗಾದ ತೊಂದರೆ: ಒಂದರಲ್ಲಿ ಸ್ಕೀ ಅತಿಯಾಗಿ ಕಚ್ಚುತ್ತೆ, ಇನ್ನೊಂದರಲ್ಲಿ ಕಚ್ಚೋದೇ ಇಲ್ಲ. ಬರೀ ಉದ್ದನೆಯ ಒಂಟಿ ಕಾರ್ಬೈಡು ಹಾಕಿಸಿದರೆ ಜಾರೋದು ನಿಂತು ಎಗರೋದು ಶುರುವಾಗಬಹುದು, ಅದಕ್ಕೇ ಗೆಳತಿಯ ಮಾತನ್ನು ಪೂರ್ತಿ ತಳ್ಳಿಹಾಕಲ್ಲ. ಆದರೆ ಫೋಟೋದಲ್ಲಿ ನಿನ್ನ ಸ್ಕೀ ಅಗಲವಾಗಿ ಕಂಡಿತು, ಏಣು ತೀರ ಗಿಡ್ಡ. ಆಳದ ಪುಡಿಹಿಮದಲ್ಲಿ ತೇಲೋಕೆ ಅಂತ ಮಾಡಿದ್ದಿರಬೇಕು. ನೀನು ಓಡಾಡೋದು ಯಂತ್ರ ಬಿಟ್ಟು ಹದ ಮಾಡಿದ ಗಟ್ಟಿ ದಾರಿಯಲ್ಲಿ. ಅಲ್ಲಿಗೆ ಏಣು ಆಳವಿರುವ ಸ್ಕೀ ಬೇಕು. ಸ್ಕೀ ದುಬಾರಿ ಅಂತ ಗೊತ್ತು. ದುಡ್ಡು ಬೇಕಾದರೆ ಕೇಳು, ಸಂಕೋಚ ಬೇಡ. ಈ ವರ್ಷ ಕಾಫಿಗೆ ರೇಟು ಪರವಾಗಿಲ್ಲ.

ಹೊಸದು ತರೋ ಮುಂಚೆ ದುಡ್ಡಿಲ್ಲದ ಕೆಲಸ ಒಂದೆರಡು ಮಾಡು. ಸ್ಕೀಗಳನ್ನು ಹಿಡಿದು ಅಲ್ಲಾಡಿಸು, ಟೈ ರಾಡಿನ ತುದಿ, ಬಾಲ್ ಜಾಯಿಂಟು ಸಡಿಲವಿದ್ದರೆ ಕೈಗೇ ಗೊತ್ತಾಗುತ್ತೆ. ಸ್ಕೀಗೂ ಅದನ್ನು ಹಿಡಿದಿರುವ ಗಾಡಿಯ ಕಾಲಿಗೂ ನಡುವೆ ರಬ್ಬರಿನ ತುಂಡು ಕೂತಿರುತ್ತೆ, ಅದು ಬಿರಿದಿದೆಯಾ ನೋಡು. ಹ್ಯಾಂಡಲ್ ನೆಟ್ಟಗಿಟ್ಟು, ಎರಡು ಸ್ಕೀ ತುದಿಗೂ ರಬ್ಬರ್ ಹಗ್ಗ ಬಿಗಿದು, ಟ್ರ್ಯಾಕಿಗೆ ಒತ್ತಿ ಉದ್ದನೆಯ ನೇರ ಪಟ್ಟಿ ಹಿಡಿದು ಅಳತೆ ಮಾಡು. ಸ್ಕೀಗಳ ಮುಂಭಾಗ ಕೂದಲೆಳೆಯಷ್ಟು ಹೊರಕ್ಕೆ ಇರಬೇಕು, ಒಳಕ್ಕೆ ಇರಲೇಬಾರದು. ಎಷ್ಟು ಅನ್ನೋದು ನಿನ್ನ ಗಾಡಿಯ ಕೈಪಿಡಿಯಲ್ಲಿ ಇದೆ, ಸಾಮಾನ್ಯವಾಗಿ ಕಾಲು ಇಂಚಿನೊಳಗೆ. ಹಿಂದಿನ ಸಸ್ಪೆನ್ಷನ್ನಿನ ಮುಂಭಾಗದಲ್ಲಿ ಲಿಮಿಟರ್ ಪಟ್ಟಿ ಅಂತ ಇರುತ್ತೆ, ಅದನ್ನು ಒಂದು ತೂತು ಗಿಡ್ಡ ಮಾಡಿದರೆ ಭಾರ ಸ್ಕೀ ಮೇಲೆ ಬೀಳುತ್ತೆ. ಒಂದೇ ತೂತು. ಓಡಿಸಿ ನೋಡಿ ಆಮೇಲೆ ಮುಂದಿನ ಮಾತು. ಇದನ್ನೆಲ್ಲ ಪುಸ್ತಕ ನೋಡಿ ಬರೀತಿದ್ದೀನಿ ಅಂದುಕೋಬೇಡ, ಅಲೈನ್‌ಮೆಂಟು, ಟೈ ರಾಡು ಎಲ್ಲ ನಮ್ಮ ಜೀಪಿನಲ್ಲೂ ಇದ್ದವೇ.

ತಿರುವಿನ ಮುಂಚೆಯೇ ವೇಗ ಇಳಿಸು. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಹಿಂದಕ್ಕೆ ಕೂತು ಸ್ಕೀ ಹಗುರಾಗುತ್ತೆ, ಅದೂ ನೆಟ್ಟಗೆ ಹೋಗೋಕೆ ಕಾರಣವೇ. ಮೈ ಮುಂದಕ್ಕೆ, ತಿರುವಿನ ಒಳಮಗ್ಗುಲಿಗೆ ಬಾಗಿಸು. 1976ರ ಡಿಸೆಂಬರ್ 31 ಕಳೆದ ಮೇಲೆ ಹುಟ್ಟಿದವರು ಸುರಕ್ಷತೆಯ ಸರ್ಟಿಫಿಕೇಟ್ ತಗೊಳ್ಳಲೇಬೇಕು ಅಂತ ನಿಮ್ಮ ರಾಜ್ಯದಲ್ಲಿ ನಿಯಮವಿದೆಯಲ್ಲ, ಆ ಪಾಠದಲ್ಲೇ ಇದನ್ನು ಹೇಳಿಕೊಟ್ಟಿರ್ತಾರೆ. ಹೇಳಿದ್ದನ್ನೇ ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ.

ಈ ಗಾಡಿ ಕಟ್ಟಿದ ಬೊಂಬಾರ್ಡಿಯೇ ಅವರ ಕಥೆ ನೀನೇ ಅಲ್ಲಿ ಹೇಳಿದ್ದು. 1934ರ ಚಳಿಗಾಲ, ಕೆನಡಾದ ಹಳ್ಳಿ, ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್, ಹಿಮ ಬಿದ್ದು ಆಸ್ಪತ್ರೆಗೆ ದಾರಿಯಿಲ್ಲ. ಮಗು ಉಳಿಯಲಿಲ್ಲ. 1937ರಲ್ಲಿ ಟ್ರ್ಯಾಕಿಗೆ ಪೇಟೆಂಟ್, 1959ರಲ್ಲಿ ಸ್ಕೀ-ಡೂ ಅನ್ನೋ ಹಿಮದ ಗಾಡಿ. ಅವತ್ತು ರಾತ್ರಿ ನಿಮ್ಮತ್ತೆ ನಿದ್ದೆ ಮಾಡಲಿಲ್ಲ. ನಮ್ಮ ಕಡೆಯೂ ಮಳೆಗಾಲದಲ್ಲಿ ರಸ್ತೆ ಕುಸಿದು ಬಸುರಿ, ಬಾಣಂತಿ, ಮಕ್ಕಳು ಸಿಕ್ಕಿಕೊಂಡಿದ್ದನ್ನು ಕಣ್ಣಾರೆ ಕಂಡವಳು ಅವಳು. ಆದ್ದರಿಂದ ಆ ಗಾಡಿ ಬರೀ ಮೋಜಿನದು ಅಂತ ನಾನು ಹಗುರವಾಗಿ ಮಾತಾಡಲ್ಲ.

ಮುಂದಿನ ತಿಂಗಳು ನಾರ್ತ್ ಶೋರ್ ದಾರಿಯಲ್ಲಿ ಗ್ರ್ಯಾಂಡ್ ಮರೇವರೆಗೆ ಹೋಗ್ತೀವಿ ಅಂದಿದ್ದೀಯ. 146 ಮೈಲಿ ಅದು. ಅಷ್ಟೂ ಉದ್ದಕ್ಕೆ ಎಷ್ಟು ಬಲ ತಿರುವಿರಬಹುದು ಪುಟ್ಟಿ? ಹೋಗು, ಖಂಡಿತ ಹೋಗು. ಅದಕ್ಕೆ ಮುಂಚೆ ರನ್ನರ್ ಬದಲಾಯಿಸಿ, ಹತ್ತಿರದ ಬಯಲಿನಲ್ಲಿ ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ ನೋಡು. ಹ್ಯಾಂಡಲ್ ತಿರುಗಿಸಿದಷ್ಟೂ ಮೂತಿ ತಿರುಗಿತಾ ಅಂತ ನನಗೆ ಬರೆ. ಹೊಸ ರನ್ನರಿನ ನಟ್ಟುಗಳನ್ನು ಮೊದಲ ಓಡಾಟ ಮುಗಿದ ಮೇಲೆ ಇನ್ನೊಮ್ಮೆ ಬಿಗಿ ಮಾಡು.

ಈ ವಾರ ಎರಡೂ ಸ್ಕೀ ಅಡಿಯ ಫೋಟೋ ಕಳಿಸು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗಿ, ಕಾರ್ಬೈಡು ಎಷ್ಟುದ್ದ ಉಳಿದಿದೆ ಅಂತ ಕಾಣಬೇಕು. ದೊಡ್ಡಮಾವನಿಗೂ ತೋರಿಸ್ತೀನಿ. ನಿನ್ನ ಪತ್ರದ ಆ ಸಾಲನ್ನು ನಿನ್ನೆ ಅವರಿಗೆ ಓದಿ ಹೇಳಿದೆ. ‘ಅವಳ ತಪ್ಪಲ್ಲ ಅಂತ ಬರೆ’ ಅಂದರು.

ಇಂತಿ ನಿನ್ನ
ಮಾವ