ಮುಗಿಯದ ಸರಣಿಗೆ ಯಾಕಿಷ್ಟು ಮರ್ಯಾದೆ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಫ್ಯಾಂಟಸಿ ಮತ್ತು ವೈಜ್ಞಾನಿಕ ಕಾದಂಬರಿ ಸರಣಿಗಳ ಬಗ್ಗೆ ಬಂದ ಲೇಖನ ಓದಿದೆ. ಯಾವ ಸರಣಿ ಎಷ್ಟು ಸಂಪುಟ, ಎಷ್ಟು ಸಾವಿರ ಪುಟ ಎಂಬುದರ ಮೇಲೆಯೇ ಲೇಖಕರ ಕಣ್ಣು. ದಪ್ಪಗಿದ್ದದ್ದೆಲ್ಲ ದೊಡ್ಡದು ಎನ್ನುವ ಧಾಟಿ. ನಾನು ರಾಣೆಬೆನ್ನೂರಿನಲ್ಲಿ ಔಷಧ ಅಂಗಡಿ ನಡೆಸುವವ. ಮಧ್ಯಾಹ್ನ ಊಟದ ಹೊತ್ತು ಕಳೆದರೆ ಮತ್ತೆ ಗಿರಾಕಿಗಳು ಬರುವುದು ಸಂಜೆ ಡಾಕ್ಟರು ಕ್ಲಿನಿಕ್ಕಿನ ಬಾಗಿಲು ತೆಗೆದ ಮೇಲೆಯೇ. ಆ ಬಿಡುವಿನಲ್ಲಿ ಗಲ್ಲಾಪೆಟ್ಟಿಗೆಗೆ ಆನಿಸಿಟ್ಟುಕೊಂಡು ಓದಿದ್ದು ಬಹುಪಾಲು ಇಂಥ ಪುಸ್ತಕಗಳನ್ನೇ. ಅಂಗಡಿಯವನ ಬುದ್ಧಿ ಅಂದುಕೊಳ್ಳಿ, ಸರಣಿಗಳನ್ನು ನಾನು ಉದ್ರಿ ಲೆಕ್ಕದ ಹಾಗೆ ನೋಡುತ್ತೇನೆ. ಪ್ರತಿ ಸಂಪುಟವೂ ತನ್ನ ಬಾಕಿಯನ್ನು ಸ್ವಲ್ಪವಾದರೂ ಚುಕ್ತಾ ಮಾಡಬೇಕು. ಎಲ್ಲವನ್ನೂ ಮುಂದಿನದಕ್ಕೆ ಬರೆಸಿ ಹೋಗುವವರನ್ನು ಎಷ್ಟು ದಿನ ನಂಬುವುದು?

ಲೇಖನದಲ್ಲಿ ಮೊದಲ ಪಂಕ್ತಿಯಲ್ಲಿ ಕೂತಿರುವ ಜಾರ್ಜ್ ಆರ್. ಆರ್. ಮಾರ್ಟಿನ್ ಅವರನ್ನೇ ತೆಗೆದುಕೊಳ್ಳಿ. ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಮೊದಲ ಸಂಪುಟ 1996ರಲ್ಲಿ, ಎರಡನೆಯದು 1998, ಮೂರನೆಯದು 2000. ಮೂರನೆಯದರಲ್ಲಿ ಬರುವ, ಮದುವೆ ಊಟದ ನಡುವೆಯೇ ಹೆಣಗಳು ಬೀಳುವ ಅಧ್ಯಾಯ ಓದುತ್ತಿದ್ದಾಗ ಬಂದ ಗಿರಾಕಿಯ ಚೀಟಿಯನ್ನು ಎರಡೆರಡು ಸಲ ನೋಡಿ ಮಾತ್ರೆ ಕೊಡಬೇಕಾಯಿತು. ಆಮೇಲೆ ಕಥೆ ಒಂದು ಪುಸ್ತಕಕ್ಕೆ ಹಿಡಿಸದಷ್ಟು ಬೆಳೆಯಿತು. 2005ರ ಸಂಪುಟದಲ್ಲಿ ಅವರು ಅರ್ಧ ಪಾತ್ರಗಳನ್ನು ಮಾತ್ರ ಕೊಟ್ಟು, ಉಳಿದವರು ಮುಂದಿನ ವರ್ಷ ಬರುವ ಆಸೆಯಿದೆ ಎಂದು ಕೊನೆಯಲ್ಲಿ ಬರೆದರು. ಬಂದದ್ದು 2011ರಲ್ಲಿ. ಆರನೆಯದು ಇನ್ನೂ ಇಲ್ಲ. ಇದನ್ನು ‘ಗೇಮ್ ಆಫ್ ಥ್ರೋನ್ಸ್’ ಎಂದು ತೆರೆಗೆ ತಂದ ಟಿವಿಯವರು ಕಾಯದೆ 2019ರಲ್ಲೇ ಎಂಟನೇ ಸೀಸನ್ನಿಗೆ ಮಂಗಳ ಹಾಡಿಬಿಟ್ಟರು, ಅದೂ ಕಡೇ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ. ಇಷ್ಟಾದರೂ ನಿಮ್ಮ ಲೇಖಕರು ಇದನ್ನು ‘ಕಾಯಿಸುವ ಕಲೆ’ ಎಂದು ಹೊಗಳಿದ್ದಾರೆ!

ಬರೆಯುವವರು ತೀರಿಕೊಂಡರೆ ಅದು ಬೇರೆ ಮಾತು. ರಾಬರ್ಟ್ ಜೋರ್ಡನ್ 1990ರಲ್ಲಿ ಶುರು ಮಾಡಿದ ‘ವೀಲ್ ಆಫ್ ಟೈಮ್’ ಮುಗಿಯುವ ಮೊದಲೇ, 2007ರಲ್ಲಿ ಅವರು ಹೋದರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದು, 2013ರಲ್ಲಿ ಹದಿನಾಲ್ಕಕ್ಕೆ ಮುಗಿಸಿದರು. ನಡುವಿನ ಸಂಪುಟಗಳು ಎಳೆದಾಟವೇ. ಹತ್ತನೆಯದರಲ್ಲಂತೂ ಕಥೆ ಮೈ ಅಲುಗಿಸುವುದಿಲ್ಲ. ಆದರೆ ಇನ್ನೊಬ್ಬರು ಬಂದು ಮುಗಿಸಿದ್ದು ಕೀಳು ಕೆಲಸ ಎನ್ನುವ ಹಾಗೆ ನಿಮ್ಮ ಲೇಖಕರು ಬರೆದದ್ದು ಸರಿಯಲ್ಲ. ಸಂಸ್ಕೃತ ಕವಿ ಬಾಣನ ‘ಕಾದಂಬರಿ’ ಎಂಬ ಕೃತಿಯನ್ನು ಪೂರ್ತಿ ಮಾಡಿದ್ದು ಅವನ ಮಗ. ನಮ್ಮ ಗದುಗಿನ ನಾರಣಪ್ಪ ಬರೆದದ್ದು ಹತ್ತು ಪರ್ವ, ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ತಿಮ್ಮಣ್ಣನನ್ನು ಓದಿದವರು ಕಡಿಮೆ, ಅದು ನಿಜ. ಆದರೆ ಗದಾಪರ್ವಕ್ಕೆ ನಿಂತ ನಾರಣಪ್ಪನ ಮೇಲೆ ಯಾರೂ ಬಾಕಿ ಹೊರಿಸುವುದಿಲ್ಲ, ಯಾಕೆಂದರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಕೇಳುವವನಿಗೆ ಸಲ್ಲಬೇಕಾದದ್ದು ಸಂದಿರುತ್ತದೆ.

ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ 1942ರಿಂದ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದ ಕಥೆಗಳು. 1951ರಿಂದ 1953ರೊಳಗೆ ಮೂರು ಪುಸ್ತಕಗಳಾದವು. ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಸಾಮ್ರಾಜ್ಯವೊಂದರ ಪತನವನ್ನು ಮೊದಲೇ ಲೆಕ್ಕ ಹಾಕಿ, ಮುಂದೆ ಯಾವ ಯಾವ ಕಾಲಕ್ಕೆ ಯಾವ ಬಿಕ್ಕಟ್ಟು ಎಂದು ಹೇಳುವ ತನ್ನ ಮಾತುಗಳನ್ನು ಚಿತ್ರದ ಸಮೇತ ದಾಖಲಿಸಿಟ್ಟು ಸತ್ತಿರುತ್ತಾನೆ. ಎರಡನೇ ಪುಸ್ತಕದಲ್ಲಿ ‘ಮ್ಯೂಲ್’ ಎಂಬ ಶತ್ರು ದಂಡೆತ್ತಿ ಬರುತ್ತಿದ್ದಾನೆ. ಊರಿನ ಹಿರಿಯರೆಲ್ಲ ಸೆಲ್ಡನ್ನನ ಮಾತು ಕೇಳಲು ಬಂದು ಕೂತಿದ್ದಾರೆ. ಗಾಜಿನ ಕೋಣೆಯಲ್ಲಿ ಮುದುಕನ ಬಿಂಬ ಮೂಡುತ್ತದೆ, ಸಮಾಧಾನವಾಗಿ ಮಾತು ಶುರು ಮಾಡುತ್ತದೆ, ಯಾವುದರ ಬಗ್ಗೆ? ನಡೆದೇ ಇಲ್ಲದ ಒಂದು ಅಂತರ್ಯುದ್ಧದ ಬಗ್ಗೆ! ಮ್ಯೂಲ್ ಅವನ ಲೆಕ್ಕದಲ್ಲೇ ಇಲ್ಲ. ಬಿಂಬ ತನ್ನ ಪಾಡಿಗೆ ವಿವರಿಸುತ್ತಲೇ ಇದೆ, ಕೂತವರ ಮುಖ ಬಿಳಿಚಿಕೊಳ್ಳುತ್ತಿದೆ. ಒಂದು ಬಾಣವನ್ನೂ ಬಿಡದೆ ಇಷ್ಟು ಗಾಬರಿ ಹುಟ್ಟಿಸಿದ ಪುಟಗಳನ್ನು ನಾನು ಬೇರೆಡೆ ಕಂಡಿಲ್ಲ. ಸುಮಾರು ಮೂವತ್ತು ವರ್ಷ ಬಿಟ್ಟು, 1982ರಲ್ಲಿ ಅಸಿಮೋವ್ ಮತ್ತೆ ಇದಕ್ಕೆ ಕೈ ಹಾಕಿ, ತಮ್ಮ ರೋಬಾಟ್ ಕಥೆಗಳನ್ನೂ ತಂದು ಇದಕ್ಕೇ ಗಂಟು ಹಾಕಿದರು. ಯಾರು ಕೇಳಿದ್ದರು?

ಫ್ರ್ಯಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಸರಣಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲನೆಯದು ಓದಿ. ತಡೆಯದಿದ್ದರೆ ನಾಯಕನ ಕಿರೀಟದ ಹೊಳಪು ಕಳಚುವ ಎರಡನೆಯದನ್ನೂ ಓದಿ, ಸಾಕು. ಟೆರ್ರಿ ಪ್ರ್ಯಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ನಲವತ್ತೊಂದು ಕಾದಂಬರಿಗಳಿದ್ದರೂ ಎಲ್ಲಿಂದ ಬೇಕಾದರೂ ಒಳಗೆ ಹೋಗಬಹುದು, ಒಂದೊಂದೂ ತನ್ನಲ್ಲೇ ಮುಗಿಯುತ್ತದೆ. ಚಂದಮಾಮದ ಬೇತಾಳನೂ ಹೀಗೆಯೇ ಅಲ್ಲವೇ? ತಿಂಗಳು ತಿಂಗಳು ಮರಕ್ಕೆ ಹಾರುತ್ತಿದ್ದ, ಆದರೆ ಪ್ರಶ್ನೆಗೆ ಉತ್ತರ ಆ ತಿಂಗಳೇ ಸಿಗುತ್ತಿತ್ತು.

ನಿಮ್ಮ ಲೇಖಕರು ಒಂದೇ ಸಾಲಿನಲ್ಲಿ ‘ಮಕ್ಕಳ ಪುಸ್ತಕ’ ಎಂದು ದಾಟಿದ ಅರ್ಸುಲಾ ಲೆ ಗ್ವಿನ್ ಅವರ ‘ಅರ್ತ್‌ಸೀ’ ಇದೆಯಲ್ಲ, ಅದರ ಬಗ್ಗೆಯೇ ನನಗೆ ಹೆಚ್ಚು ಸಿಟ್ಟು. 1968ರ ಮೊದಲ ಪುಸ್ತಕ ಕೈಯಲ್ಲಿ ಹಿಡಿದರೆ ತೆಳ್ಳಗೆ. ಗೆಡ್ ಎಂಬ ಕಂದು ಮೈಬಣ್ಣದ ಹುಡುಗ ಜಂಬಕ್ಕೆ ಬಿದ್ದು ಒಂದು ನೆರಳನ್ನು ಲೋಕಕ್ಕೆ ಬಿಡುತ್ತಾನೆ, ಅದು ಅಟ್ಟಿಸಿಕೊಂಡು ಬರುತ್ತದೆ, ಕೊನೆಗೆ ತಾನೇ ತಿರುಗಿ ನಿಂತು ಅದರ ಬೆನ್ನು ಹತ್ತುತ್ತಾನೆ. ಅಷ್ಟೇ ಕಥೆ, ಅಷ್ಟೂ ಅಲ್ಲೇ ತೀರುತ್ತದೆ. 1990ರ ನಾಲ್ಕನೇ ಪುಸ್ತಕಕ್ಕೆ ಬಂದರೆ ಅವನ ಮಂತ್ರಶಕ್ತಿಯೆಲ್ಲ ಬರಿದಾಗಿದೆ. ಕಥೆ ಒಕ್ಕಲುತನದ ಮನೆಯ ವಿಧವೆ ಟೆನಾರ್ ಮತ್ತು ಅವಳು ಸಾಕಿಕೊಂಡ, ಮೈ ಸುಟ್ಟ ಒಂದು ಹೆಣ್ಣುಮಗುವಿನದು. ಊರು ಸುತ್ತಿ ಬಂದ ಮಗ, ಉಂಡ ತಟ್ಟೆ ತೆಗೆಯುವುದು ಹೆಂಗಸರ ಕೆಲಸ ಎಂದು ಎದ್ದು ಹೋಗುತ್ತಾನೆ. ಡ್ರ್ಯಾಗನ್ನುಗಳಿರುವ ಪುಸ್ತಕದಲ್ಲಿ ಮುಸುರೆ ಪಾತ್ರೆಯ ಜಗಳ! ಇದನ್ನು ಮಕ್ಕಳ ಪುಸ್ತಕ ಎನ್ನುವವರು ಓದಿಯೇ ಇಲ್ಲ ಎಂದು ನನ್ನ ಗುಮಾನಿ. ಹಾಂ, ಅದಕ್ಕೆ ‘ಕೊನೆಯ ಪುಸ್ತಕ’ ಎಂದು ಹೆಸರಿನಡಿ ಅಚ್ಚು ಹಾಕಿಸಿ, 2001ರಲ್ಲಿ ಆಯಮ್ಮನೂ ಇನ್ನೆರಡು ತಂದರು. ಅವರಿಗೆ ಮಾಫಿ ಇದೆ.

ಕೊನೆಗೊಂದು ಕೋರಿಕೆ. ಪುರವಣಿಯಲ್ಲಿ ಧಾರಾವಾಹಿ ನಿಂತು ಬಹಳ ಕಾಲವಾಯಿತು. ಕನ್ನಡದಲ್ಲೇ ಬರೆದ ಒಂದು ವೈಜ್ಞಾನಿಕ ಅಥವಾ ಅದ್ಭುತ ಕಾದಂಬರಿಯನ್ನು ವಾರವಾರ ಹಾಕಿ, ನಮ್ಮ ಅಂಗಡಿಯ ಪೇಪರಿಗೆ ಆಗ ಮೂರು ಜನರಾದರೂ ಕಾಯುತ್ತಾರೆ. ಆದರೆ ಕೊನೆಯ ಅಧ್ಯಾಯದವರೆಗಿನ ಹಸ್ತಪ್ರತಿ ಪೂರ್ತಿ ನಿಮ್ಮ ಕೈಗೆ ಬಂದ ಮೇಲೆಯೇ ಮೊದಲ ಕಂತು ಅಚ್ಚಾಗಲಿ.

ಇಂತಿ,
ಔಷಧ ಅಂಗಡಿಯ ಓದುಗ, ರಾಣೆಬೆನ್ನೂರು